ಅನಿವಾರ್ಯ ಕಾರಣಗಳ ತೂಕದ ಯಂತ್ರ

"ಅತ್ತಿಗೆ, ಇನ್ಮೇಲೆ ನಿಮ್ಮ ಅಂಗಡೀಲಿ ಇಂಗ್ಲಿಷ್ ಜಗಳ ಅನ್ನೋದೇ ಇರಲ್ಲ!" ಎಂದು ಕೂಗುತ್ತ ನನ್ನ ಮೈದುನ ನಿಜಗುಣ ಸೋಮವಾರ ಬೆಳಿಗ್ಗೆ ತಳ್ಳುಗಾಡಿಯಲ್ಲಿ ಒಂದು ಭಾರಿ ಪೆಟ್ಟಿಗೆ ತಂದು ಅಂಗಡಿ ಬಾಗಿಲಿಗೆ ಸರಿಯಾಗಿ ಅಡ್ಡ ನಿಲ್ಲಿಸಿದ.

ನೋಡಿದರೆ ಅದು ಹಳೇ ತೂಕದ ಯಂತ್ರ! ನಾವು ಚಿಕ್ಕವರಿದ್ದಾಗ ರೈಲ್ವೆ ಸ್ಟೇಷನ್ನಿನಲ್ಲಿ ಇರುತ್ತಿತ್ತಲ್ಲ, ಹಲಗೆಯ ಮೇಲೆ ನಿಂತು ಕಾಸು ಹಾಕಿದರೆ ಬಣ್ಣದ ಚಕ್ರ ಗಿರ್ರನೆ ತಿರುಗಿ, ತೂಕವನ್ನೂ ಭವಿಷ್ಯವನ್ನೂ ಅಚ್ಚು ಹಾಕಿದ ಚೀಟಿ ಬೀಳುತ್ತಿತ್ತಲ್ಲ, ಅದೇ. ಯಾವ ಗುಜರಿಯಿಂದ ಹೊತ್ತು ತಂದನೋ ಪುಣ್ಯಾತ್ಮ.

"ಇದೇನೋ ಇದು? ಗಿರಾಕಿಗಳು ಇದರ ತಲೆ ಮೇಲೆ ಹಾರಿ ಒಳಗೆ ಬರಬೇಕಾ?" ಎಂದೆ.

"ಹಲಗೆ ಮೇಲೆ ಕಾಲಿಟ್ಟು ಬರ್ಲಿ ಅತ್ತಿಗೆ! ಅದೇ ಬೇಕಾಗಿರೋದು. ಇದರ ಹೆಸರು ಕಾರಣಮಾಪಕ!"

ನಾನು ವಿಶಾಲಾಕ್ಷಮ್ಮ. ಹೊನ್ನಕಟ್ಟೆಯ ತಾಲ್ಲೂಕು ಕಚೇರಿ ಎದುರಿಗೆ ಇಪ್ಪತ್ತಾರು ವರ್ಷದಿಂದ ಜಾಬ್ ಟೈಪಿಂಗ್ ಅಂಗಡಿ ನಡೆಸುತ್ತಿದ್ದೇನೆ. ರಜಾ ಅರ್ಜಿ, ನೋಟಿಸಿಗೆ ಉತ್ತರ, ಮೇಲಿನವರಿಗೆ ಮೊರೆ, ಎಲ್ಲ ನನ್ನ ಕೈಯಲ್ಲೇ ಆಗಬೇಕು. ಇಂಗ್ಲಿಷಿನಲ್ಲಿ ಬರೆದರೆ ಸಾಹೇಬರು ಪ್ರಶ್ನೆ ಕೇಳುವುದಿಲ್ಲ ಎಂದು ನಮ್ಮೂರಿನವರ ಗಟ್ಟಿ ನಂಬಿಕೆ. ಮನೆಯಲ್ಲಿ ಹೆಣ ಬಿದ್ದಿರಲಿ, ಹೋಳಿಗೆ ಊಟ ಇರಲಿ, ಇಡೀ ತಾಲ್ಲೂಕಿಗೆ ಕಾರಣ ಒಂದೇ: ಡ್ಯೂ ಟು ಅನವಾಯ್ಡಬಲ್ ಸರ್ಕಮ್‌ಸ್ಟನ್ಸಸ್. ಅಂದರೆ, ಅನಿವಾರ್ಯ ಕಾರಣಗಳಿಂದ. ಆ ನಾಲ್ಕು ಪದಗಳನ್ನು ನನ್ನ ಬೆರಳುಗಳು ನಿದ್ದೆಯಲ್ಲೂ ಟೈಪ್ ಮಾಡುತ್ತವೆ.

ಇಷ್ಟು ಸುಖವಾಗಿ ನಡೆಯುತ್ತಿದ್ದ ಅಂಗಡಿಗೆ ಗ್ರಹಚಾರವೆಂದರೆ ನಮ್ಮ ಯಜಮಾನರು. ಸದಾಶಿವಯ್ಯ ಮೇಷ್ಟ್ರು, ಸರ್ಕಾರಿ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷದಿಂದ ಇಂಗ್ಲಿಷ್ ಪಾಠ. ಸಂಜೆ ಅಂಗಡಿಗೆ ಬಂದವರೇ ಕೆಂಪು ಪೆನ್ನು ತೆಗೆಯುತ್ತಾರೆ. "ಡ್ಯೂ ಟು ಅಲ್ಲ ಕಣೇ, ಇಲ್ಲಿ ಓಯಿಂಗ್ ಟು!" ಎಂದು ಹೊಡೆದು ಹಾಕುತ್ತಾರೆ. ಮಾರನೆಯ ದಿನ ಓಯಿಂಗ್ ಟು ಹಾಕಿದರೆ, "ಛೆ, ಬಿಕಾಸ್ ಆಫ್!" ಎನ್ನುತ್ತಾರೆ. ಅದನ್ನು ಹಾಕಿದರೆ ಮತ್ತೆ ಡ್ಯೂ ಟು! ಎಷ್ಟು ಹಾಳೆ ಹರಿದು ಒಲೆಗೆ ಹಾಕಿದ್ದೇನೋ ಲೆಕ್ಕವಿಲ್ಲ.

ಈ ಜಗಳ ಬಗೆಹರಿಸಲು ನಿಜಗುಣನ ಯಂತ್ರ. ಅವನು ಪಾಲಿಟೆಕ್ನಿಕ್ಕಿನಲ್ಲಿ ಲ್ಯಾಬ್ ಸಹಾಯಕನಾಗಿದ್ದವನು. ಆ ಎರಡು ವರ್ಷದಲ್ಲೇ ತಾನು ವಿಜ್ಞಾನಿ ಎಂದು ತಲೆಗೆ ಹತ್ತಿಬಿಟ್ಟಿದೆ. ಹೋದ ವರ್ಷ ಅವನ ರೊಟ್ಟಿ ತಟ್ಟುವ ಯಂತ್ರ ತಟ್ಟಿದ ಮೊದಲ ರೊಟ್ಟಿ ಇವತ್ತಿಗೂ ನಮ್ಮ ಅಡುಗೆಮನೆಯ ಸೂರಿಗೆ ಅಂಟಿಕೊಂಡಿದೆ.

"ನೋಡಿ ಅತ್ತಿಗೆ, ನಾಲ್ಕು ಬಲ್ಬು. ಡ್ಯೂ ಟು, ಬಿಕಾಸ್ ಆಫ್, ಓಯಿಂಗ್ ಟು, ಥ್ಯಾಂಕ್ಸ್ ಟು. ಯಾವುದು ಹಾಕ್ಬೇಕು ಅಂತ ಹೇಳ್ಬೇಕಾದ್ರೆ ಕಾರಣದ ತೂಕ ಎಷ್ಟು ಅಂತ ಮೊದ್ಲು ಗೊತ್ತಾಗ್ಬೇಕು. ಅರ್ಜಿ ಕೈಯಲ್ಲಿ ಹಿಡ್ಕೊಂಡು ಹಲಗೆ ಮೇಲೆ ನಿಂತ್ರೆ ಸಾಕು. ಅಂಗಾಲಿನ ನಾಡಿ ಹಿಡಿದು, ಮನಸ್ಸಲ್ಲಿರೋ ಕಾರಣ ತೂಗಿ, ಸರಿಯಾದ ಪದ ಅಚ್ಚು ಹಾಕುತ್ತೆ!"

"ಮನಸ್ಸಲ್ಲಿರೋದನ್ನಾ?"

"ಹೂಂ ಮತ್ತೆ! ಕಾಗದದಲ್ಲಿರೋ ಕಾರಣಕ್ಕೆ ತೂಕ ಎಲ್ಲಿರುತ್ತೆ?"

ಅಷ್ಟು ಹೊತ್ತಿಗೆ ತಾಲ್ಲೂಕು ಕಚೇರಿ ಗುಮಾಸ್ತ ಗಂಗಾಧರಪ್ಪ ಮುಖ ಸಪ್ಪಗೆ ಮಾಡಿಕೊಂಡು ಬಂದ. ಅಜ್ಜಿ ತೀರಿಕೊಂಡಿದ್ದಾರೆ, ಮೂರು ದಿನ ರಜಾ ಬೇಕು. ಆ ಅಜ್ಜಿ ನನ್ನ ಅಂಗಡಿಯಲ್ಲಿ ತೀರಿಕೊಳ್ಳುತ್ತಿರುವುದು ಅದು ನಾಲ್ಕನೆಯ ಸಲ. ನಿಜಗುಣ ಅವನ ರಟ್ಟೆ ಹಿಡಿದು ಹಲಗೆ ಹತ್ತಿಸಿದ. ಚಕ್ರ ಗಿರ್ರನೆ ತಿರುಗಿತು, ಬಲ್ಬು ಮಿಣಮಿಣ ಎಂದವು, ಟಪ್ಪೆಂದು ಚೀಟಿ ಬಿತ್ತು. ಪದ ಇಂಗ್ಲಿಷಿನದು, ಕಾರಣ ಮಾತ್ರ ಕನ್ನಡದಲ್ಲಿ. ಯಾಕೆಂದರೆ ನಿಜಗುಣನಿಗೆ ಬರುವ ಇಂಗ್ಲಿಷೇ ಆ ನಾಲ್ಕು ಬಲ್ಬಿನಷ್ಟು.

ನಾನೇ ಓದಿದೆ. "ಬಿಕಾಸ್ ಆಫ್: ಷಡ್ಡಕನ ಮನೆ ಗೃಹಪ್ರವೇಶ. ಅಜ್ಜಿ ಬೆಳಿಗ್ಗೆ ಎರಡು ಮುದ್ದೆ ಉಂಡು ಜಗಲಿ ಮೇಲೆ ಕೂತಿದ್ದಾರೆ."

ಗಂಗಾಧರಪ್ಪ ಅರ್ಜಿಯನ್ನೂ ಬಿಟ್ಟು, ಚಪ್ಪಲಿಯನ್ನೂ ಬಿಟ್ಟು ಓಡಿದ.

"ನೋಡಿದ್ರಾ! ಬಿಕಾಸ್ ಆಫ್ ಅಂತ ಎಷ್ಟು ಖಚಿತವಾಗಿ ಹೇಳ್ತು!" ಎಂದು ನಿಜಗುಣ ಕುಣಿದ. ಗಿರಾಕಿ ಓಡಿಹೋದದ್ದು ಅವನ ಕಣ್ಣಿಗೆ ಬೀಳಲೇ ಇಲ್ಲ.

ನನಗೆ ನಗುವ ಚೈತನ್ಯವೂ ಇರಲಿಲ್ಲ ಬಿಡಿ. ನಮ್ಮ ಯಜಮಾನರ ಹೆಸರಿಗೆ ಕಾರಣ ಕೇಳುವ ನೋಟಿಸ್ ಬಂದು ಆಗಲೇ ವಾರ ಕಳೆದಿತ್ತು. "ನಾನು ತಪಾಸಣೆಗೆ ಬಂದ ದಿನ ತಾವು ಶಾಲೆಯಲ್ಲಿ ಇರಲಿಲ್ಲ, ಯಾಕೆ?" ಎಂದು ಶಿಕ್ಷಣಾಧಿಕಾರಿ ಮಲ್ಲಿನಾಥಪ್ಪನವರು ಕೇಳಿದ್ದರು. ಶುಕ್ರವಾರ ಸಂಜೆ ಐದರೊಳಗೆ ಒಪ್ಪುವಂಥ ಉತ್ತರ ಹೋಗದಿದ್ದರೆ ಇಲಾಖಾ ವಿಚಾರಣೆ. ಮುಂದಿನ ತಿಂಗಳು ಕೊನೆಗೆ ಇವರ ನಿವೃತ್ತಿ! ಮೂವತ್ತಮೂರು ವರ್ಷ ದುಡಿದ ಮನುಷ್ಯ ಹಾರ ಹಾಕಿಸಿಕೊಂಡು ಮನೆಗೆ ಬರುವ ಬದಲು ವಿಚಾರಣೆ ಹೊತ್ತುಕೊಂಡು ಬರಬೇಕಾ ಎಂದು ನೆನೆದರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಇವರೋ, ಉತ್ತರ ಬರೆಯಲು ಕೂತವರು ಮೊದಲ ಸಾಲು ದಾಟಿರಲಿಲ್ಲ. "ಡ್ಯೂ ಟು ಸಡನ್ ಇಲ್ನೆಸ್ ಅನ್ನಲಾ, ಓಯಿಂಗ್ ಟು ಅನ್ನಲಾ?" ಎಂದು ವಾರವಿಡೀ ಅದೇ ಜಪ.

"ರೀ, ಯಾವುದೋ ಒಂದು ಹಾಕಿ ಮುಗಿಸಿ. ಅಷ್ಟಕ್ಕೂ ಆವತ್ತು ನಿಮಗೆ ಯಾವ ಕಾಯಿಲೆ ಬಂದಿತ್ತು? ಬೆಳಿಗ್ಗೆ ಆರು ದೋಸೆ ತಿಂದು ಹೋಗಿದ್ರಲ್ಲ!" ಎಂದರೆ,

"ನಿಂಗೆ ಭಾಷೆ ಸೂಕ್ಷ್ಮ ಗೊತ್ತಾಗಲ್ಲ ಬಿಡು," ಎಂದು ಮುಖ ತಿರುಗಿಸುತ್ತಿದ್ದರು.

ಮಂಗಳವಾರದಿಂದ ನನ್ನ ಅಂಗಡಿಯ ಕತೆ ಕೇಳಬೇಡಿ. ಸಹಕಾರ ಸಂಘದ ಕಾರ್ಯದರ್ಶಿ ಬೋರ್ಡಿಗೆ ಅಂಟಿಸಲು "ಸರ್ವರ್ ಕೆಟ್ಟಿರುವುದರಿಂದ ಇಂದು ಸಂಘ ರಜಾ" ಎಂದು ಬರೆಸಲು ಬಂದ. ಚೀಟಿ ಬಿತ್ತು: "ಓಯಿಂಗ್ ಟು: ಬೀಗದ ಕೈ ಕಳೆದುಹೋಗಿದೆ. ಅದು ಎಡಗಡೆ ಜೇಬಿನಲ್ಲೇ ಇದೆ." ಕೈ ಹಾಕಿ ನೋಡಿದರೆ ಇತ್ತು! ನನಗೆ ಕೊಡಬೇಕಾದ ಕೆಲಸ ಬಿಟ್ಟು ಬೀಗ ತೆಗೆಯಲು ಓಡಿದ.

ಬುಧವಾರ ಪುರಸಭಾ ಸದಸ್ಯ ಕಪನೀಗೌಡರು ಹತ್ತು ಜನ ಹಿಂಬಾಲಕರ ಜೊತೆ ಬಂದರು. ಕೆರೆ ರಸ್ತೆಗೆ ಡಾಂಬರು ಬಿದ್ದಿದೆ, "ಥ್ಯಾಂಕ್ಸ್ ಟು ಕಪನೀಗೌಡ" ಎಂದು ದೊಡ್ಡ ಬ್ಯಾನರಿಗೆ ಅಕ್ಷರ ಬೇಕು. ಹಲಗೆ ಮೇಲೆ ಜಬರ್ದಸ್ತಾಗಿ ನಿಂತರು. ನಾಲ್ಕು ಬಲ್ಬೂ ಆರಿಹೋದವು! ಯಂತ್ರದ ಬೆನ್ನಿನಲ್ಲಿ ಎಲ್ಲೋ ಐದನೆಯದು ಕೆಂಪಗೆ ಹೊತ್ತಿಕೊಂಡಿತು. ಚೀಟಿಯಲ್ಲಿ, "ಇನ್ ಸ್ಪೈಟ್ ಆಫ್: ಕಪನೀಗೌಡ."

"ಏನಮ್ಮ ಹಂಗಂದ್ರೆ?" ಎಂದರು ಗೌಡರು.

ನಾನು ಸುಮ್ಮನಿರಬೇಕಿತ್ತು. ನಾಲಿಗೆ ತಡೆಯಲಿಲ್ಲ. "ನೀವು ಇದ್ರೂ ಕೂಡ ರಸ್ತೆ ಆಯ್ತು ಅಂತ ಗೌಡರೇ."

ಹಿಂಬಾಲಕರಲ್ಲಿ ಇಬ್ಬರು ಕಿಸಕ್ಕೆಂದರು. ಗೌಡರು ನನ್ನ ಅಂಗಡಿಯ ಲೈಸೆನ್ಸ್ ಇದೆಯಾ ಎಂದು ಕೇಳಿ, ಯಂತ್ರಕ್ಕೆ ಒಂದು ಒದೆ ಕೊಟ್ಟು ಹೋದರು.

"ಐದನೇ ಬಲ್ಬು ನೀನು ಇಟ್ಟಿದ್ದೇನೋ?" ಎಂದು ನಿಜಗುಣನನ್ನು ಕೇಳಿದೆ.

"ಇಲ್ಲ ಅತ್ತಿಗೆ!" ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು. "ಅದೇ ಹುಟ್ಟಿಸಿಕೊಂಡಿದೆ! ಕಲೀತಾ ಇದೆ ಅತ್ತಿಗೆ, ಕಲೀತಾ ಇದೆ!"

"ನೀನೊಬ್ಬ ಕಲಿಯಲಿಲ್ಲವಲ್ಲ," ಎಂದೆ.

ಗುರುವಾರ ಬೆಳಿಗ್ಗೆ ಯಜಮಾನರು ಕೊನೆಗೂ ಬಂದರು. ಕೈಯಲ್ಲಿ ನೋಟಿಸಿನ ಉತ್ತರ, ಮೊದಲ ಸಾಲಿನಲ್ಲಿ ಕಾರಣದ ಪದಕ್ಕೆ ಜಾಗ ಖಾಲಿ. "ನೋಡು ನಿಜಗುಣ, ನಿನ್ನ ಡಬ್ಬದ ಮೇಲೆ ನಂಗೇನೂ ನಂಬಿಕೆ ಇಲ್ಲ. ಆದ್ರೂ ಡ್ಯೂ ಟು, ಓಯಿಂಗ್ ಟು, ಎರಡರಲ್ಲಿ ಒಂದು ಹೇಳ್ಲಿ. ಅಷ್ಟೇ ಸಾಕು," ಎಂದು ಧೋತರ ಎತ್ತಿ ಹಿಡಿದು ಹಲಗೆ ಹತ್ತಿದರು.

ಚೀಟಿ ಬಿತ್ತು. ಇವರು ಬಗ್ಗಿ ಎತ್ತಿಕೊಂಡು ಓದಿದರು. ಮುಖ ಸುಣ್ಣದಂತಾಯಿತು. ನಾನು "ಏನಂತೆ?" ಎನ್ನುವಷ್ಟರಲ್ಲಿ ಚೀಟಿಯನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು!

"ರೀ! ಏನ್ರೀ ತಿಂತಾ ಇದೀರಾ?"

"ಸೋಂಪು," ಎಂದರು, ಕಣ್ಣು ಬಿಟ್ಟುಕೊಂಡು.

ನುಂಗಿ ನೀರು ಕುಡಿದು, "ಡ್ಯೂ ಟು ಅನವಾಯ್ಡಬಲ್ ಸರ್ಕಮ್‌ಸ್ಟನ್ಸಸ್ ಅಂತಲೇ ಹಾಕಿಬಿಡು ವಿಶಾಲೂ," ಎಂದು ಹೇಳಿ ಹೊರಟೇಹೋದರು. ಮೂವತ್ತಮೂರು ವರ್ಷ ಆ ಸಾಲನ್ನು ಹಳ್ಳಿ ಇಂಗ್ಲಿಷ್ ಎಂದು ಹಳಿದವರು! ನನಗೆ ಸೋಜಿಗವಾಯಿತು. ಆದರೂ ಉತ್ತರ ಸಿಕ್ಕಿತಲ್ಲ ಎಂದು ಟೈಪ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟೆ. ಅದರ ಜೊತೆಗೇ ಹನ್ನೆರಡು ಜನ ಮೇಷ್ಟ್ರುಗಳ ರಜಾ ಅರ್ಜಿಗಳೂ ಇದ್ದವು. ಎಲ್ಲರೂ ಬಾಗಿಲಲ್ಲಿದ್ದ ಆ ಹಲಗೆ ತುಳಿದೇ ಒಳಗೆ ಬಂದವರು.

ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ಮನೆ ಕಡೆ ಹೋಗಿದ್ದೆ. ಅರ್ಧ ಗಂಟೆ, ಅಷ್ಟೇ. ವಾಪಸ್ ಬಂದರೆ ನಿಜಗುಣ ನನ್ನ ಕುರ್ಚಿಯಲ್ಲಿ ಕೂತು ಬೀಗುತ್ತಿದ್ದ.

"ಅತ್ತಿಗೆ, ನಿಮ್ಮ ಕೆಲಸ ಹಗುರ ಮಾಡಿಬಿಟ್ಟೆ! ಚೀಟಿ ಓದಿ ಮತ್ತೆ ಟೈಪ್ ಮಾಡೋದ್ಯಾಕೆ? ಯಂತ್ರಕ್ಕೂ ಕಂಪ್ಯೂಟರಿಗೂ ವೈರ್ ಎಳೆದಿದೀನಿ. ಈ ವಾರ ತೂಗಿದ್ದೆಲ್ಲ ಅದಕ್ಕೆ ನೆನಪಿದೆ, ಒಬ್ಬೊಬ್ಬರ ಕಾರಣ ನೇರವಾಗಿ ಅವರವರ ಅರ್ಜಿ ಒಳಗೆ ಹೋಗಿ ಕೂತ್ಕೊಳ್ಳುತ್ತೆ! ಶಿಕ್ಷಣ ಕಚೇರಿ ಜವಾನ ಚೌಡಪ್ಪ ಬಂದಿದ್ದ. ಹದಿಮೂರೂ ಪ್ರಿಂಟ್ ತೆಗೆದು, ಲಕೋಟೆಗೆ ಹಾಕಿ ಕಳಿಸಿಬಿಟ್ಟೆ."

ಕಂಪ್ಯೂಟರ್ ತೆರೆದು ಯಜಮಾನರ ಉತ್ತರ ನೋಡಿದೆ. ನಾನು ಹಾಕಿದ್ದ ಸಾಲೇ ಇರಲಿಲ್ಲ. ಅದರ ಜಾಗದಲ್ಲಿ ಹೀಗಿತ್ತು:

"ಬಿಕಾಸ್ ಆಫ್: ಭಯ. ಸಾಹೇಬರು ಮಕ್ಕಳ ಮುಂದೆ ಡ್ಯೂ ಟುಗೂ ಬಿಕಾಸ್ ಆಫ್‌ಗೂ ಏನು ವ್ಯತ್ಯಾಸ ಎಂದು ಕೇಳಿಬಿಡುತ್ತಾರೆಂಬ ಭಯ. ಮೂವತ್ತಮೂರು ವರ್ಷದಿಂದ ಅದಕ್ಕೆ ಮಕ್ಕಳ ಅಂಕ ಕತ್ತರಿಸುತ್ತಿದ್ದೇನೆ. ವ್ಯತ್ಯಾಸ ನನಗೂ ಗೊತ್ತಿಲ್ಲ. ಆ ದಿನ ಕೆರೆ ಏರಿ ಮೇಲೆ ಕೂತು ಕಡಲೆಕಾಯಿ ತಿಂದೆ."

"ಅಯ್ಯೋ ಹಾಳಾದವನೇ! ನಿಮ್ಮಣ್ಣನ ಮಾನ ಲಕೋಟೆಗೆ ಹಾಕಿ ಕಳಿಸಿದ್ದೀಯಲ್ಲೋ!" ಎಂದು ಕಿರುಚಿ, ಬರಿಗಾಲಲ್ಲೇ ರಸ್ತೆ ದಾಟಿ ಶಿಕ್ಷಣ ಕಚೇರಿಗೆ ಓಡಿದೆ. ನಿಜಗುಣ ನನ್ನ ಹಿಂದೆ.

ನಾವು ಹೋಗುವಷ್ಟರಲ್ಲಿ ತಡವಾಗಿತ್ತು. ಯಜಮಾನರನ್ನು ಶಾಲೆಯಿಂದ ಕರೆಸಿದ್ದರು. ಸಾಹೇಬರ ಮೇಜಿನ ಮೇಲೆ ಹದಿಮೂರು ಕಾಗದ ಹರಡಿದ್ದವು. ಮಲ್ಲಿನಾಥಪ್ಪನವರ ಮುಖ ಬಿಸಿ ಕಾವಲಿಯಾಗಿತ್ತು. ಮೂವರು ಮೇಷ್ಟ್ರುಗಳು "ಬಿಕಾಸ್ ಆಫ್: ಸಾಹೇಬರ ಮುಖ ನೋಡಲು ಬೇಸರ" ಎಂದು ರಜಾ ಕೇಳಿದ್ದರಂತೆ.

"ಬನ್ನಿ ಬನ್ನಿ! ನಿಮ್ಮ ಯಜಮಾನರ ಉತ್ತರ ಈಗ ತಾನೇ ಓದ್ದೆ," ಎಂದವರೇ ಸಾಹೇಬರು ಇಡೀ ಕಚೇರಿಗೆ ಕೇಳುವ ಹಾಗೆ ಅದನ್ನು ಮತ್ತೊಮ್ಮೆ ಓದಿದರು. ಗುಮಾಸ್ತರೆಲ್ಲ ಬಾಗಿಲಲ್ಲಿ ಗುಂಪು ಕಟ್ಟಿದರು.

ಇವರು ತಲೆ ತಗ್ಗಿಸಿ ನಿಂತಿದ್ದರು. ಕೆಂಪು ಪೆನ್ನು ಜೇಬಿನಲ್ಲೇ ಇತ್ತು. ಎಷ್ಟು ವರ್ಷ ಈ ಮನುಷ್ಯನ ಇಂಗ್ಲಿಷ್ ಜಂಬ ಕಂಡು ಒಳಗೊಳಗೇ ಉರಿದಿದ್ದೇನೆ! ಇದು ಇಳಿಯುವ ದಿನ ಬರಲಿ, ನೋಡಿ ನಗುತ್ತೇನೆ ಎಂದುಕೊಂಡಿದ್ದೆ. ಆ ದಿನ ಬಂದಾಗ ನೋಡಿ, ನಗು ಬರಲಿಲ್ಲ.

"ವಿಚಾರಣೆ ಖಂಡಿತ! ಇಲಾಖೆ ಕಂಡ ಅತ್ಯಂತ ನಾಚಿಕೆಗೇಡು ಕಾರಣ ಇದು," ಎಂದರು ಸಾಹೇಬರು. "ಇದನ್ನ ಬರೆದದ್ದು ಯಾವುದೋ ಯಂತ್ರ ಅಂದ್ನಲ್ಲ ಚೌಡಪ್ಪ, ಅದೆಲ್ಲಿದೆ? ತರಿಸಿ. ಸಾಕ್ಷಿಗೆ ಇಟ್ಕೋತೀನಿ. ತಾಲ್ಲೂಕಿನ ಒಬ್ಬೊಬ್ಬ ಮೇಷ್ಟ್ರನ್ನೂ ಹತ್ತಿಸ್ತೀನಿ!"

"ಈಗ್ಲೇ ತಂದೆ ಸಾರ್!" ಎಂದ ನಿಜಗುಣ, ಅಣ್ಣನ ಗತಿ ಮರೆತು. ಸರ್ಕಾರ ತನ್ನ ಯಂತ್ರ ಕೇಳಿತಲ್ಲ ಎಂಬ ಸಡಗರ ಮುಂಡೇದಕ್ಕೆ! ಹತ್ತೇ ನಿಮಿಷದಲ್ಲಿ ತಳ್ಳುಗಾಡಿ ಬಂತು, ಯಂತ್ರ ಬಂತು, ತಪ್ಪದೆ ಸಾಹೇಬರ ಕೋಣೆಯ ಬಾಗಿಲಿಗೇ ಅಡ್ಡ ನಿಂತಿತು.

ಮಲ್ಲಿನಾಥಪ್ಪನವರು ಎದ್ದು ಬಂದು ಸುತ್ತಲೂ ನೋಡಿದರು. ಚಕ್ರ ಮುಟ್ಟಿದರು. ಮುಖದ ಕಾವು ಸ್ವಲ್ಪ ಇಳಿಯಿತು. "ಚಿಕ್ಕವನಿದ್ದಾಗ ಅರಸೀಕೆರೆ ಸ್ಟೇಷನ್ನಲ್ಲಿ ಹತ್ತಿದ್ದೆ ಕಣ್ರೀ ಇಂಥದ್ದು. ತೂಕಾನೂ ಹೇಳುತ್ತೇನಯ್ಯ?"

"ಹೇಳುತ್ತೆ ಸಾರ್, ಹತ್ತಿ!"

ತೂಕದ ಯಂತ್ರ ಕಂಡು ಹತ್ತದೆ ಇರುವ ಮನುಷ್ಯ ಇನ್ನೂ ಹುಟ್ಟಿಲ್ಲ. ಸಾಹೇಬರು ಇವರ ಕಡತ ಕಂಕುಳಲ್ಲಿ ಇಟ್ಟುಕೊಂಡೇ ಹತ್ತಿದರು. ಹಲಗೆ ಕಿರ್ರೆಂದಿತು. ಚಕ್ರ ತಿರುಗಿತು. ಟಪ್!

ಚೌಡಪ್ಪ ಬಗ್ಗಿ ಎತ್ತಿಕೊಂಡ. ಸಾಹೇಬರಿಗೆ ತೂಕ ಓದಿ ಹೇಳುವುದು ಜವಾನನ ಕರ್ತವ್ಯ ಎಂದುಕೊಂಡನೋ ಏನೋ, ಗಟ್ಟಿಯಾಗಿ ಓದಿಬಿಟ್ಟ.

"ಬಿಕಾಸ್ ಆಫ್: ಭಯ. ತಪಾಸಣೆಗೆ ಹೋದರೆ ಸದಾಶಿವಯ್ಯ ಮೇಷ್ಟ್ರು ಇಂಗ್ಲಿಷಿನಲ್ಲಿ ಮಾತಾಡಿಸಿಬಿಡುತ್ತಾರೆಂಬ ಭಯ. ಆ ದಿನ ಶಾಲೆಗೆ ಹೋಗಲೇ ಇಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂತು ನಾಲ್ಕು ತಟ್ಟೆ ಇಡ್ಲಿ ತಿಂದು, ತಪಾಸಣೆ ವರದಿ ಬರೆದು, ಹಾಜರಿ ಪುಸ್ತಕವನ್ನು ಅಲ್ಲಿಗೇ ತರಿಸಿಕೊಂಡು ನೋಡಿದೆ. ತೂಕ ತೊಂಬತ್ತೊಂದು ಕೆ.ಜಿ."

ಸಾಹೇಬರು ಹಲಗೆಯ ಮೇಲೇ ನಿಂತಿದ್ದರು. ಬಾಯಿಗೆ ಹಾಕಿಕೊಳ್ಳೋಣವೆಂದರೆ ಚೀಟಿ ಚೌಡಪ್ಪನ ಕೈಯಲ್ಲಿತ್ತು.

ನನಗೆ ಎಲ್ಲಿತ್ತೋ ಸಿಟ್ಟು! "ಅಲ್ಲಾ ಸ್ವಾಮಿ! ನೀವು ಅಲ್ಲಿ ಇಡ್ಲಿ ತಿಂತಾ ಕೂತಿದ್ರಿ, ಇವರು ಇಲ್ಲಿ ಕಡಲೆಕಾಯಿ ತಿಂತಾ ಕೂತಿದ್ರು! ನಿಮಗೆ ಇವರ ಭಯ, ಇವರಿಗೆ ನಿಮ್ಮ ಭಯ! ಇಬ್ಬರಿಗೂ ಬಾರದೆ ಇರೋ ಭಾಷೆಗೋಸ್ಕರ ಹನ್ನೊಂದು ದಿನದಿಂದ ಅನ್ನ ಬಿಟ್ಟವಳು ನಾನು! ಹೋಗದೆ ಇರೋ ತಪಾಸಣೆಗೆ ಅದ್ಯಾವ ಮುಖ ಇಟ್ಕೊಂಡು ನೋಟಿಸ್ ಕೊಟ್ರಿ?"

"ಕೂಗಬೇಡಿ ತಾಯಿ, ಕೂಗಬೇಡಿ," ಎಂದರು ಸಾಹೇಬರು ಸಣ್ಣ ದನಿಯಲ್ಲಿ. "ನೋಟಿಸ್ ವಾಪಸ್ ತಗೋತೀನಿ. ಈಗ್ಲೇ ತಗೋತೀನಿ. ಆದ್ರೆ ಕಡತ ಮುಚ್ಚೋಕೆ ಒಂದು ಕಾರಣ ಬರೀಬೇಕಲ್ಲ?" ಆಮೇಲೆ ಇವರ ಕಡೆ ತಿರುಗಿ, ಶಾಲೆಯ ಹುಡುಗನ ಹಾಗೆ ಕೇಳಿದರು: "ಮೇಷ್ಟ್ರೇ, ಡ್ಯೂ ಟು ಅಂತ ಶುರು ಮಾಡ್ಲಾ, ಓಯಿಂಗ್ ಟು ಅಂತಲಾ?"

ಯಜಮಾನರು ತಲೆ ಎತ್ತಿದರು. ಕೈ ಅಭ್ಯಾಸಬಲದಿಂದ ಕೆಂಪು ಪೆನ್ನಿನ ಕಡೆ ಹೋಯಿತು, ಅರ್ಧ ದಾರಿಯಲ್ಲೇ ನಿಂತಿತು. "ನಂಗೊತ್ತಿಲ್ಲ ಸಾರ್," ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಯಂತ್ರ ಇದೆಯಲ್ಲ! ಇಬ್ರೂ ಒಟ್ಟಿಗೆ ಹತ್ತಿ!" ಎಂದ ನಿಜಗುಣ.

ಹತ್ತಿದರು! ಇಬ್ಬರು ಗಟ್ಟಿಮುಟ್ಟಾದ ಗಂಡಸರು ಒಂದು ಹಲಗೆಯ ಮೇಲೆ, ಒಬ್ಬರನ್ನೊಬ್ಬರು ತಬ್ಬಿಕೊಂಡು, ಮಧ್ಯೆ ಕಡತ. ಎರಡು ಭಯ ಒಟ್ಟಿಗೆ ಬಿದ್ದದ್ದೇ ತಡ, ಒಳಗೆ ಸ್ಪ್ರಿಂಗು ಟಣ್ ಎಂದು ಹರಿಯಿತು! ಚಕ್ರ ಹಿಂದಕ್ಕೆ ತಿರುಗತೊಡಗಿತು. ಐದೂ ಬಲ್ಬು ಒಟ್ಟಿಗೆ ಹೊತ್ತಿ, ಪಟಪಟ ಒಡೆದವು. ಹೊಗೆ ಎದ್ದಿತು. ಆಮೇಲೆ ಶುರುವಾಯಿತು ನೋಡಿ ಚೀಟಿಗಳ ಸುರಿಮಳೆ. ಮೇಜಿನ ಮೇಲೆ, ಫ್ಯಾನಿನ ಮೇಲೆ, ಚೌಡಪ್ಪನ ಟೋಪಿಯ ಮೇಲೆ, ಕಚೇರಿ ತುಂಬ ಚೀಟಿ!

ಒಂದು ಎತ್ತಿಕೊಂಡು ಓದಿದೆ. "ಡ್ಯೂ ಟು: ಅನಿವಾರ್ಯ ಕಾರಣಗಳು." ಇನ್ನೊಂದು ಎತ್ತಿಕೊಂಡೆ. ಅದರಲ್ಲೂ ಅದೇ. ಎಲ್ಲದರಲ್ಲೂ ಅದೇ!

ಸಾಹೇಬರು ತೃಪ್ತಿಯಿಂದ ಒಂದು ಚೀಟಿಯನ್ನು ಕಡತಕ್ಕೆ ಅಂಟಿಸಿ, ಸಹಿ ಮಾಡಿ, ಸೀಲು ಒತ್ತಿದರು. ಉಳಿದ ಹನ್ನೆರಡು ಅರ್ಜಿಗಳಿಗೂ ಒಂದೊಂದು ಅಂಟಿಸಿದರು. ಗಡಿಯಾರದಲ್ಲಿ ಐದಕ್ಕೆ ಇನ್ನೂ ಏಳು ನಿಮಿಷ ಇತ್ತು.

"ಕೆಟ್ಟೋಯ್ತಲ್ಲ ಅತ್ತಿಗೆ!" ಎಂದು ನಿಜಗುಣ ಯಂತ್ರ ತಬ್ಬಿಕೊಂಡು ಅತ್ತ.

"ಸುಮ್ನಿರೋ. ಸರ್ಕಾರಿ ಕೆಲಸಕ್ಕೆ ಈಗ ತಾನೇ ಲಾಯಕ್ಕಾಗಿದೆ," ಎಂದೆ.

ಹಾಗೆಯೇ ಆಯಿತು. ಯಂತ್ರವನ್ನು ಕಚೇರಿಯಲ್ಲೇ ಉಳಿಸಿಕೊಂಡರು, ಆಯುಧಪೂಜೆಗೆ ಕುಂಬಳಕಾಯಿಯನ್ನೂ ಒಡೆದರು. ರಜಾ ಬೇಕಾದವರು ಹತ್ತಿ ನಿಲ್ಲುತ್ತಾರೆ, ಚೀಟಿ ಬೀಳುತ್ತದೆ, ಅರ್ಜಿಗೆ ಅಂಟಿಸುತ್ತಾರೆ. ಗಂಗಾಧರಪ್ಪನೂ ಬಂದು ಅಜ್ಜಿಯನ್ನು ಐದನೆಯ ಸಲ ಅಲ್ಲೇ ಸಾಗಹಾಕಿದನಂತೆ.

ನಮ್ಮ ಯಜಮಾನರು ಹಾರ ಹಾಕಿಸಿಕೊಂಡೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಮಲ್ಲಿನಾಥಪ್ಪನವರು ಕನ್ನಡದಲ್ಲಿ ಭಾಷಣ ಮಾಡಿದರು. ಇವರೂ ಕನ್ನಡದಲ್ಲೇ ಉತ್ತರ ಕೊಟ್ಟರು. ಇಬ್ಬರೂ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೇ ಇವರು ಕೆಂಪು ಪೆನ್ನು ಹಿಡಿದು ಅಂಗಡಿಯಲ್ಲಿ ಹಾಜರ್! "ಇದೇನೇ ಬಿಕಾಸ್ ಆಫ್? ಡ್ಯೂ ಟು ಹಾಕು!" ಪಕ್ಕದಲ್ಲಿ ನಿಜಗುಣ, ಹೊಸ ಯಂತ್ರದ ನಕ್ಷೆ ಹಿಡಿದುಕೊಂಡು.

ಆವತ್ತು ಮಧ್ಯಾಹ್ನ ಲಕೋಟೆ ಕೊಡಲು ಶಿಕ್ಷಣ ಕಚೇರಿಗೆ ಹೋದಾಗ ಯಂತ್ರವಿದ್ದ ಕೋಣೆಯಲ್ಲಿ ಯಾರೂ ಇರಲಿಲ್ಲ. ನಾನೂ ಚಪ್ಪಲಿ ಬಿಟ್ಟು ಹಲಗೆ ಹತ್ತಿದೆ. ಈ ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಇಪ್ಪತ್ತೆಂಟು ವರ್ಷ ಯಾಕೆ ಏಗಿದೆ ಎಂದು ಮನಸ್ಸಿನಲ್ಲೇ ಕೇಳಿದೆ.

ಚೀಟಿ ಬಿತ್ತು. "ಡ್ಯೂ ಟು: ಅನಿವಾರ್ಯ ಕಾರಣಗಳು."

ಕೆಟ್ಟ ಮೇಲೆ ಅದು ಹೇಳಿದ ಒಂದೇ ಒಂದು ನಿಜ ಅದು.